ಊರಿಗೆ ಹೋದಾಗ ಬಿಟ್ಟುಹೋಗುವ ಮಾತ್ರೆ

ಪ್ರೆಪ್, ಅಂದರೆ ಎಚ್‌ಐವಿ ಬರದಂತೆ ಮುಂಚೆಯೇ ತಗೊಳ್ಳುವ ಮಾತ್ರೆ, ಶುರು ಮಾಡಿಸುವುದು ಸುಲಭ, ಬಿಡದಂತೆ ನೋಡಿಕೊಳ್ಳುವುದೇ ಕಷ್ಟ. ಸರಿಯಾಗಿ ತಗೊಂಡರೆ ಲೈಂಗಿಕ ಸಂಪರ್ಕದಿಂದ ಎಚ್‌ಐವಿ ಬರುವ ಅಪಾಯ ಸುಮಾರು 99% ಕಡಿಮೆಯಾಗುತ್ತದೆ, ಆದರೆ ಮಾತ್ರೆ ಹೊಟ್ಟೆಗೆ ಹೋಗಬೇಕಲ್ವಾ?

ಬೆಂಗಳೂರಿನ ಪಿಜಿಯಲ್ಲಿರುವ ಹುಡುಗನೊಬ್ಬ ಹಬ್ಬಕ್ಕೆ ಊರಿಗೆ ಹೋಗುವಾಗ ಡಬ್ಬಿಯನ್ನು ಇಲ್ಲೇ ಬಿಟ್ಟು ಹೋಗಿದ್ದ. "ಅಣ್ಣಾ, ಅಮ್ಮ ಬಟ್ಟೆ ಒಗೆಯೋಕೆ ಬ್ಯಾಗ್ ತೆಗೀತಾರೆ. ಡಬ್ಬಿ ಸಿಕ್ಕರೆ ಏನು ಹೇಳಲಿ?" ಅಂದ. ಅದು ಮರೆವಲ್ಲ, ಭಯ. ಇಂಥವರನ್ನು ಸುಮ್ನೆ ಬೈದರೆ ಮುಂದಿನ ಸಲ ನಿಜ ಹೇಳುವುದಿಲ್ಲ, ಅಷ್ಟೇ.

ಮತ್ತೆ ಶುರು ಮಾಡುವ ಮುಂಚೆ ಎಚ್‌ಐವಿ ಪರೀಕ್ಷೆ ಮಾಡಿಸಿದೆವು. ಆಮೇಲಂತೂ ಮೂರು ತಿಂಗಳಿಗೊಮ್ಮೆ ಇದ್ದೇ ಇದೆ. ಊರಿಗೆ ಹೋಗುವಾಗ ವಾರಕ್ಕಾಗುವಷ್ಟು ಮಾತ್ರೆ ಶೇವಿಂಗ್ ಕಿಟ್‌ನೊಳಗಿನ ಪುಟ್ಟ ಡಬ್ಬಿಗೆ. ರಾತ್ರಿ 10ಕ್ಕೆ ಅಲಾರಂ, ಅದರ ಹೆಸರು "ಚಾರ್ಜ್ ಹಾಕು".

ಮೊನ್ನೆ ಊರಿನಿಂದ ಮೆಸೇಜ್ ಬಂತು: "ಚಾರ್ಜ್ ಹಾಕಿದೆ ಅಣ್ಣಾ."