ಸಾಕು ಎಂದರೆ ಹಾಕು

ನಾನು "ಸಾಕು" ಎಂದೆ. ಅಪ್ಪ ತಲೆಯಾಡಿಸಿ ಇನ್ನಷ್ಟು ಸುರಿದರು. "ಸಾಕು ಅಪ್ಪಾ, ಸಾಕು!" ಎಂದು ಕೂಗಿದೆ. ಅವರು ಜಗ್ಗನ್ನು ಪೂರ್ತಿ ಬಗ್ಗಿಸಿಬಿಟ್ಟರು. ಹಜಾರದ ಮೂಲೆಯಲ್ಲಿದ್ದ ಕುಂಡದ ತಟ್ಟೆ ತುಂಬಿ ತುಳುಕಿ, ನೀರು ಕನ್ನಡಿಯಂಥ ನೆಲದ ಮೇಲೆ ಹರಿದು ಸೋಫಾದ ಕಾಲಿನವರೆಗೆ ಹೋಯಿತು. "ನೀನೇ ಅಲ್ಲವೇನೇ ಹಾಕು ಹಾಕು ಎಂದು ಅರಚಿದ್ದು?" ಎಂದು ನನ್ನನ್ನೇ ಗದರಿದರು. ಮಗಳು ಮೆಟ್ಟಿಲ ಮೇಲೆ ಕುಳಿತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಆ ನಗುವೂ ಗೋಡೆಯಿಂದ ಗೋಡೆಗೆ ಬಡಿದು, ಶಾಲೆ ಬಿಟ್ಟ ಹೊತ್ತಿನ ಗದ್ದಲದಂತೆ ಕೇಳಿಸಿತು.

ಅದು ಭಾನುವಾರ. ಅಪ್ಪ ನಮ್ಮ ಜೊತೆ ಇರಲು ಬಂದು ಐದು ವಾರವಾಗಿತ್ತು. ಬಂದ ವಾರವೇ ಅವರಿಗೆ ಶ್ರವಣ ಸಾಧನ ಕೊಡಿಸಿದ್ದೆವು. ಪರೀಕ್ಷೆಯ ಕೋಣೆಯಲ್ಲಿ ಪಿಸುಮಾತಿಗೂ ಉತ್ತರ ಕೊಟ್ಟವರು, ಮನೆಗೆ ಬಂದ ಮೂರನೆಯ ದಿನ ಅದನ್ನು ಕಿವಿಯಿಂದ ತೆಗೆದು ಡಬ್ಬಿಯಲ್ಲಿಟ್ಟರು. "ಇದರಲ್ಲಿ ಗಲಾಟೆ ಚೆನ್ನಾಗಿ ಕೇಳಿಸುತ್ತದೆ, ಮಾತು ಕೇಳಿಸುವುದಿಲ್ಲ" ಎಂದರು. ಆಮೇಲೆ ಹಿತ್ತಿಲ ಬಾಗಿಲ ಹೊರಗೆ ಒಂದು ಕುರ್ಚಿ ಹಾಕಿಕೊಂಡು ಕುಳಿತವರು ಊಟಕ್ಕೆ, ನಿದ್ದೆಗೆ ಬಿಟ್ಟರೆ ಒಳಗೆ ಬರುವುದೇ ಅಪರೂಪವಾಯಿತು. ಯಂತ್ರ ಸರಿಯಿಲ್ಲ ಎಂದುಕೊಂಡೆವು. ಯಂತ್ರ ಸರಿಯಿದೆ ಎಂದು ತಿಳಿದ ಮೇಲೆ ಅಪ್ಪನದು ಹಟ ಎಂದುಕೊಂಡೆವು. ಮನೆಯ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಬರುವುದಾದರೂ ಹೇಗೆ? ಆ ಮನೆಯ ಒಳಾಂಗಣವನ್ನು ಒಂದೊಂದು ಅಂಗುಲವೂ ಅಳೆದು ರೂಪಿಸಿದವಳು ನಾನು.

ಹೆಮ್ಮೆಯಿತ್ತು, ಸುಳ್ಳು ಹೇಳಲಾರೆ. ಆರು ಮೀಟರ್ ಉದ್ದ, ನಾಲ್ಕೂವರೆ ಮೀಟರ್ ಅಗಲ, ಮೂರು ಮೀಟರ್ ಎತ್ತರದ ಹಜಾರ. ನೆಲಕ್ಕೆ ನುಣುಪಾದ ದೊಡ್ಡ ಟೈಲ್ಸ್, ಒಂದು ಬದಿಗೆ ಪೂರ್ತಿ ಗಾಜು, ಬಿಳಿ ಗೋಡೆ, ಚರ್ಮದ ತೆಳ್ಳನೆಯ ಸೋಫಾ, ಗಾಜಿನ ಮೇಜು. ಪರದೆ ಹಾಕಿದರೆ ಬೆಳಕು ಹಾಳಾಗುತ್ತದೆ ಎಂದು ಹಾಕಿರಲಿಲ್ಲ. ಫೋಟೊ ತೆಗೆದರೆ ಕಣ್ಣಿಗೆ ಹಬ್ಬ. ಬಂದವರು ಬಾಗಿಲಲ್ಲೇ ನಿಂತು ಹೊಗಳುತ್ತಿದ್ದರು, ಹತ್ತು ನಿಮಿಷ ಕಳೆಯುವಷ್ಟರಲ್ಲಿ ಮಾತು ಏರುದನಿಗೆ ಹೋಗುತ್ತಿತ್ತು, ಆಮೇಲೆ ಒಬ್ಬೊಬ್ಬರಾಗಿ ಎದ್ದು ಅಪ್ಪ ಈಗ ಕೂರುವ ಹಿತ್ತಿಲ ಬಾಗಿಲಿಗೇ ಹೋಗುತ್ತಿದ್ದರು. ಹಿತ್ತಿಲು ಅಷ್ಟು ಚೆನ್ನಾಗಿದೆ ಎಂದೇ ನಾನು ತಿಳಿದಿದ್ದೆ.

ಆ ವಾರ ಅಪ್ಪನನ್ನು ಮತ್ತೆ ಪರೀಕ್ಷೆಗೆ ಕರೆದುಕೊಂಡು ಹೋದಾಗ ಶ್ರವಣತಜ್ಞೆ ಕಿವಿಯ ವಿಚಾರ ಬಿಟ್ಟು, "ನಿಮ್ಮ ಮನೆಯ ನೆಲ ಯಾವುದು?" ಎಂದು ಕೇಳಿದ್ದರು. ಉತ್ತರ ಕೊಟ್ಟೆ. "ಪರದೆ?" ಎಂದರು. ಇಲ್ಲ ಎಂದೆ. ಅವರು ಮುಂದೆ ಏನೂ ಕೇಳಲಿಲ್ಲ, ಸುಮ್ಮನೆ ಬರೆದುಕೊಂಡರು. ನೆಲ ಒರೆಸುತ್ತಿದ್ದಾಗ ಆ ಮೌನ ನೆನಪಾಯಿತು. ಬಟ್ಟೆ ಬಿಟ್ಟು ಎದ್ದು, ಹಜಾರದ ನಡುವೆ ನಿಂತು ಒಂದೇ ಒಂದು ಚಪ್ಪಾಳೆ ತಟ್ಟಿದೆ. ಎರಡು ಬರಿಯ ಗೋಡೆಗಳ ನಡುವೆ ಆ ಸದ್ದು ಟರ್ರ್ ಎಂದು ಅದುರಿ, ಮೇಲಿನ ಮೂಲೆಗೆ ಏರಿ, ನಿಧಾನವಾಗಿ ಸತ್ತಿತು. ನಾಲ್ಕು ವರ್ಷದಿಂದ ಈ ಕೋಣೆಯಲ್ಲಿ ಓಡಾಡಿದ್ದೇನೆ, ಒಂದು ದಿನವೂ ಅದಕ್ಕೆ ಕಿವಿಗೊಟ್ಟಿರಲಿಲ್ಲ.

ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಎತ್ತರದ ಕಂಪನಗಳನ್ನು. "ಸ" ಎನ್ನುವ ಅಕ್ಷರದ ಸುಯ್ಯೆನ್ನುವ ಶಕ್ತಿ ಬಹುಪಾಲು ಸೆಕೆಂಡಿಗೆ 4000 ಕಂಪನ, ಅಂದರೆ 4000 ಹರ್ಟ್ಸ್‌ಗಿಂತ ಮೇಲಿರುತ್ತದೆ. ಅದು ಹೋದರೆ ಉಳಿಯುವುದು ಒಂದಿಷ್ಟು ಉಸಿರು, ಅದರ ಹಿಂದೆ "ಆಕು". ಉಳಿದದ್ದನ್ನು ಮಿದುಳು ತುಂಬಿಕೊಳ್ಳುತ್ತದೆ, ಸಾಕು ಹಾಕು ಆಗುತ್ತದೆ. ಯಂತ್ರ ಆ "ಸ"ವನ್ನು ಹಿಗ್ಗಿಸಿ ಕೊಡುತ್ತದೆ ನಿಜ. ಆದರೆ ವ್ಯಂಜನ ಎನ್ನುವುದು ಗಳಿಗೆಯ ಮಾತು, ಸ್ವರಕ್ಕೆ ಬಾಲ ಉದ್ದ. ನನ್ನ ಹಜಾರದಂಥ ಜಾಗದಲ್ಲಿ ಹಿಂದಿನ ಸ್ವರದ ಬಾಲ ಇನ್ನೂ ಗಾಳಿಯಲ್ಲಿ ತೇಲುತ್ತಿರುವಾಗಲೇ ಮುಂದಿನ ವ್ಯಂಜನ ಬಂದು ಅದರಲ್ಲಿ ಮುಳುಗಿಹೋಗುತ್ತದೆ. ಯಂತ್ರ ಬಾಲವನ್ನೂ ಹಿಗ್ಗಿಸುತ್ತದೆ. ಕೂಗಿದರೆ ಬಾಲ ಇನ್ನೂ ಉದ್ದ. ನಾನು ಐದು ವಾರದಿಂದ ಕೂಗುತ್ತಲೇ ಇದ್ದೆ.

ಇದಕ್ಕೆ ಮದ್ದು ಹುಡುಕಿದ ಕಥೆಯನ್ನು ಹಿಂದೆಂದೋ ಓದಿದ್ದೆ. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಫಾಗ್ ವಸ್ತುಸಂಗ್ರಹಾಲಯದ ಹೊಸ ಉಪನ್ಯಾಸ ಸಭಾಂಗಣದಲ್ಲಿ ಯಾರ ಮಾತೂ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಆಡಿದ ಮಾತು ಸುಮಾರು 5.5 ಸೆಕೆಂಡು ಅಲ್ಲೇ ಗುಂಯ್ಗುಡುತ್ತಿತ್ತು. ಸರಿಪಡಿಸುವ ಕೆಲಸ 27 ವರ್ಷದ ಭೌತವಿಜ್ಞಾನದ ಅಧ್ಯಾಪಕ ವ್ಯಾಲೇಸ್ ಸ್ಯಾಬೈನ್ ಹೆಗಲಿಗೆ ಬಿತ್ತು. ಆತ ರಾತ್ರಿ ಊರೆಲ್ಲ ಮಲಗಿದ ಮೇಲೆ ಪಕ್ಕದ ಸ್ಯಾಂಡರ್ಸ್ ರಂಗಮಂದಿರದ ಆಸನಗಳ ಮೆತ್ತೆಗಳನ್ನು ಹೊತ್ತು ತಂದು ಹಾಸಿ, ಒಂದು ಆರ್ಗನ್ ಕೊಳವೆ ಊದಿಸಿ, ಸದ್ದು ಸಾಯುವವರೆಗಿನ ಹೊತ್ತನ್ನು ಗಡಿಯಾರ ಹಿಡಿದು ಅಳೆಯುತ್ತಿದ್ದ. ಬೆಳಗಾಗುವಷ್ಟರಲ್ಲಿ ಮೆತ್ತೆಗಳು ವಾಪಸ್ಸು. ಹೀಗೆ ಹೊತ್ತು ಹೊತ್ತೇ ಅವನಿಗೆ ಸೂತ್ರ ಸಿಕ್ಕಿತು: ಕೋಣೆಯ ಘನ ಅಳತೆಯನ್ನು 0.161ರಿಂದ ಗುಣಿಸಿ, ಪ್ರತಿ ಮೇಲ್ಮೈಯ ವಿಸ್ತೀರ್ಣದಲ್ಲಿ ಸದ್ದು ಹೀರುವ ಪಾಲನ್ನೆಲ್ಲ ಕೂಡಿದ ಮೊತ್ತದಿಂದ ಭಾಗಿಸಿದರೆ ಅನುರಣನದ ಅವಧಿ, ಅಂದರೆ ಸದ್ದು ಸಾಯಲು ಹಿಡಿಯುವ ಹೊತ್ತು.

ನನ್ನ ಹಜಾರ 81 ಘನ ಮೀಟರ್. ಟೈಲ್ಸ್, ಗಾಜು, ಸಿಮೆಂಟು ಎಲ್ಲ ಸೇರಿ, ಸೋಫಾದಲ್ಲಿ ಇಬ್ಬರನ್ನು ಕೂರಿಸಿದರೂ ಹೀರುವುದು ಆರೇಳು ಚದರ ಮೀಟರಿನಷ್ಟು. ಆರು ಎಂದೇ ಹಿಡಿದೆ. ಹಾಳೆಯಲ್ಲಿ ಲೆಕ್ಕ ಹಾಕಿದರೆ 2.2 ಸೆಕೆಂಡು ಬಂತು. ವಾಸದ ಕೋಣೆಯಲ್ಲಿ ಮಾತು ಹಿತವಾಗಿ ಕೇಳಿಸಬೇಕಾದರೆ ಅರ್ಧ ಸೆಕೆಂಡಿನ ಆಸುಪಾಸಿನಲ್ಲಿರಬೇಕು.

"ಹಾಸಿಗೆಗಳನ್ನೆಲ್ಲ ಕೆಳಗೆ ತಾ" ಎಂದು ಮಗಳಿಗೆ ಹೇಳಿದೆ. ಅವಳಿಗೆ ಅಷ್ಟು ಸಾಕಾಗಿತ್ತು. ಮೂರು ಹಾಸಿಗೆ ಮೆಟ್ಟಿಲಿನಿಂದ ಜಾರಿ ಬಂದವು. ಎರಡನ್ನು ಟರ್ರ್ ಎನ್ನುವ ಗೋಡೆಗೆ ಒರಗಿಸಿದೆವು, ಒಂದನ್ನು ನೆಲಕ್ಕೆ ಹಾಕಿದೆವು. ರಜಾಯಿ, ಕಂಬಳಿಗಳನ್ನು ಬಟ್ಟೆ ಒಣಹಾಕುವ ಸ್ಟ್ಯಾಂಡಿಗೆ ನೇತುಹಾಕಿ ಗಾಜಿನ ಮುಂದೆ ನಿಲ್ಲಿಸಿದೆವು. ಪ್ರತಿ ಹಾಸಿಗೆಗೂ ಒಂದು ಚಪ್ಪಾಳೆ. ಮೊದಲು ಅದುರುವ ಸದ್ದು ಹೋಯಿತು, ಆಮೇಲೆ ಮೂಲೆಗೆ ಏರುವ ಸದ್ದು ಹೋಯಿತು, ಕೊನೆಯ ಕಂಬಳಿಯ ಹೊತ್ತಿಗೆ ಚಪ್ಪಾಳೆ ಅಂಗೈಯಲ್ಲೇ ಮುಗಿಯತೊಡಗಿತು. ನನ್ನ ಚೆಂದದ ಹಜಾರ ಮನೆ ಬದಲಾಯಿಸುವವರ ಲಾರಿಯಂತೆ ಕಾಣುತ್ತಿತ್ತು.

ಅಪ್ಪ ಬಾಗಿಲಲ್ಲಿ ಬಂದು ನಿಂತರು. "ಏನಿದು ಅವತಾರ?" ಎಂದರು. ನಾನು ಉತ್ತರಿಸದೆ ಶ್ರವಣ ಸಾಧನದ ಡಬ್ಬಿ ಕೈಗೆ ಕೊಟ್ಟೆ. ಗೊಣಗುತ್ತಲೇ ಹಾಕಿಕೊಂಡರು. ಮಗಳು ಕೋಣೆಯ ಆ ತುದಿಯಿಂದ, ಕೂಗದೆ, ಬೆನ್ನು ತಿರುಗಿಸಿಕೊಂಡು ಕೇಳಿದಳು: "ಅಜ್ಜ, ಸಾಕು ಎಂದೆನೋ, ಹಾಕು ಎಂದೆನೋ?"

"ನೀನು ಎರಡೂ ಎಂದೆ" ಎಂದರು ಅಪ್ಪ. ಆಮೇಲೆ ಒರಗಿಸಿದ ಹಾಸಿಗೆಯ ಪಕ್ಕದ ಕುರ್ಚಿಯಲ್ಲಿ ಕುಳಿತರು. ಮಧ್ಯಾಹ್ನದವರೆಗೆ ಏಳಲಿಲ್ಲ.

ಹಾಸಿಗೆಗಳು ರಾತ್ರಿ ಮೇಲೆ ಹೋಗಲೇಬೇಕಿತ್ತು. ಅವುಗಳ ಜಾಗಕ್ಕೆ ಬೇರೆ ವ್ಯವಸ್ಥೆ ಮಾಡಲು ಎರಡು ತಿಂಗಳು ಹಿಡಿಯಿತು. ಗಾಜಿನ ಉದ್ದಕ್ಕೂ ದಪ್ಪ ಪರದೆ, ಅಗಲದ ಎರಡು ಪಟ್ಟು ಬಟ್ಟೆ ತೆಗೆದುಕೊಂಡು ಆಳವಾದ ನೆರಿಗೆ ಬಿಟ್ಟು ಹೊಲಿಸಿದ್ದು. ಬಿಗಿಯಾಗಿ ಎಳೆದು ಕಟ್ಟಿದ ತೆಳು ಬಟ್ಟೆ ಬರಿಯ ಅಲಂಕಾರ, ಸದ್ದಿಗೆ ನೆರಿಗೆ ಬೇಕು. ಅದುರುವ ಗೋಡೆಗೆ ಪುಸ್ತಕದ ಕಪಾಟು, ಒಂದೊಂದು ಪುಸ್ತಕ ಒಂದೊಂದು ಆಳದಲ್ಲಿ. ಚರ್ಮದ ಸೋಫಾ ಹೋಗಿ ಬಟ್ಟೆಯದು ಬಂತು. ಲೆಕ್ಕದಲ್ಲಿ ಹೀರುವಿಕೆ 20 ಚದರ ಮೀಟರ್ ದಾಟಿ, ಅವಧಿ 0.65 ಸೆಕೆಂಡಿಗೆ ಇಳಿಯಿತು. ಮೂಲೆಗೆ ನಾಲ್ಕು ಕುಂಡ ಇಟ್ಟರೆ ಮಾರ್ದನಿ ಹೋಗುತ್ತದೆ ಎಂದು ಸಲಹೆ ಕೊಟ್ಟವರಿದ್ದಾರೆ. ಗಿಡ ಕಣ್ಣಿಗೆ ತಂಪು, ಸರಿ. ನಾಲ್ಕು ಕುಂಡದ ಎಲೆ ಆ ಗದ್ದಲವನ್ನು ನುಂಗಲಾರದು.

ಕಾರ್ಪೆಟ್ ವಿಷಯದಲ್ಲಿ ನಾನು ಎಡವಿದೆ, ಅಪ್ಪ ನಿಜವಾಗಿಯೇ ಎಡವಿದರು. ಮೊದಲು ತಂದದ್ದರ ಅಂಚು ದಪ್ಪ, ಕಾಲ್ಬೆರಳಿಗೆ ಸಿಕ್ಕುತ್ತಿತ್ತು. ಕಪಾಟು ಹಿಡಿದುಕೊಂಡು ಬೀಳದೆ ಉಳಿದರು. ಅದೇ ದಿನ ಬದಲಾಯಿಸಿ, ಅಂಚು ನೆಲಕ್ಕೆ ಅಂಟಿಕೊಳ್ಳುವಂಥದ್ದನ್ನು, ಕೆಳಗೆ ಜಾರದ ಹಾಸು ಹಾಕಿ, ನಡೆಯುವ ದಾರಿಗೆ ಅಡ್ಡ ಬಾರದಂತೆ ಹಾಸಿದೆ. ಅದರ ಮೇಲೆ ಮೊದಲ ಸಲ ಬರಿಗಾಲಿಟ್ಟಾಗ ಅಪ್ಪ, "ಇಲ್ಲಿ ಬೆಚ್ಚಗಿದೆ, ಅಲ್ಲಿ ತಣ್ಣಗಿದೆ" ಎಂದರು. ಥರ್ಮಾಮೀಟರ್ ಇಟ್ಟರೆ ಎರಡೂ ಒಂದೇ. ಟೈಲ್ಸ್ ಅಂಗಾಲಿನ ಬಿಸಿಯನ್ನು ಬೇಗ ಎಳೆದುಕೊಳ್ಳುತ್ತದೆ, ಉಣ್ಣೆ ಎಳೆದುಕೊಳ್ಳುವುದಿಲ್ಲ, ಅಷ್ಟೇ. ಅಂಗಾಲಿಗೆ ಥರ್ಮಾಮೀಟರ್ ಹೇಳುವುದು ಬೇಕಿಲ್ಲ.

ಹೊರಗಿನ ಕಥೆ ಅದೇ ಭಾನುವಾರ ಮಧ್ಯಾಹ್ನ ಶುರುವಾಯಿತು. ಯಂತ್ರ ಕಿವಿಯಲ್ಲಿಟ್ಟುಕೊಂಡೇ ಹಿತ್ತಿಲಿಗೆ ಹೋದ ಅಪ್ಪ ಕೂಡಲೇ ಹಿಂದಿರುಗಿ, "ನಿನ್ನ ಕಾರಂಜಿಯಲ್ಲಿ ಯಾರೋ ಒಂದೇ ಸಮನೆ ಹುರಿಯುತ್ತಿದ್ದಾರೆ" ಎಂದರು. ಕೂತು ಕೇಳಿದೆ, ನಿಜ. ಚಪ್ಪಟೆ ಕಲ್ಲಿನ ಮೇಲೆ ತೆಳುವಾಗಿ ಬೀಳುವ ನೀರು ಸರ್ರ್ ಎನ್ನುತ್ತಿತ್ತು, ಅದರ ಜೊತೆಗೆ ಪಂಪಿನ ಗೊರಕೆ. ಪಂಪಿನ ಕೆಳಗೆ ರಬ್ಬರ್ ತುಂಡು ಇಟ್ಟ ಕೂಡಲೇ ಗೊರಕೆ ನಿಂತಿತು. ಸರ್ರ್ ಎನ್ನುವುದು ನಿಲ್ಲಲಿಲ್ಲ. ಆಗ ಮಗಳು ಜಪಾನಿನ ತೋಟಗಳ ಒಂದು ಉಪಾಯ ತೆಗೆದಳು. ಕೈ ತೊಳೆಯುವ ಕಲ್ಲುದೊಣೆಯ ಬಳಿ, ತಳಕ್ಕೆ ತೂತಿರುವ ಮಡಕೆಯನ್ನು ಬೋರಲಾಗಿ ಹೂಳುತ್ತಾರೆ. ತೂತಿನಿಂದ ಹನಿಯುವ ನೀರು ಒಳಗೆ ನಿಂತ ನೀರಿಗೆ ಬಿದ್ದು ಮಡಕೆಯ ಪೊಳ್ಳಿನಲ್ಲಿ ಮೊಳಗುತ್ತದೆ. ಅಲ್ಲಿಯವರು ಅದನ್ನು ಸುಯಿಕಿಂಕುತ್ಸು ಎನ್ನುತ್ತಾರೆ, ಹೆಸರಿನಲ್ಲೇ ನೀರೂ ತಂತಿವಾದ್ಯವೂ ಇವೆ.

ತೂತಿರುವ ಮಡಕೆಗೆ ನಮ್ಮಲ್ಲಿ ಬರವೇ? ಖಾಲಿ ಹೂಕುಂಡಗಳ ಸಾಲೇ ಇತ್ತು. ದೊಡ್ಡದನ್ನು ಆರಿಸಿ, ಗುಂಡಿ ತೋಡಿ, ಬೋರಲು ಹಾಕಿ, ಮೇಲೆ ಬೆಣಚುಕಲ್ಲು ಹರಡಿ ನೀರು ಹನಿಸಿದೆವು. ಏನೂ ಇಲ್ಲ. ಒಳಗಿನ ನೀರನ್ನು ಮಣ್ಣು ಕುಡಿದುಬಿಡುತ್ತಿತ್ತು, ಹನಿ ಬೀಳುವುದಕ್ಕೆ ಕೊಳವೇ ಇರಲಿಲ್ಲ. ಅಗೆದು ತೆಗೆದು, ಕೆಳಗೊಂದು ಹಳೆಯ ಬೋಗುಣಿ ಇಟ್ಟು, ಅಂಗೈ ಆಳ ನೀರು ತುಂಬಿ ಮತ್ತೆ ಮುಚ್ಚಿದೆವು. ಮಗಳು ಲೋಟದಿಂದ ನಿಧಾನವಾಗಿ ಬಿಟ್ಟಳು. ಒಂದು ಕ್ಷಣ ಮೌನ. ಆಮೇಲೆ ನೆಲದೊಳಗಿನಿಂದ ಟೊಣ್. ಇನ್ನೊಂದು ಟೊಣ್. ಕಾರಂಜಿಯ ಸದ್ದಿನ ಹಾಗೆ ಚೂಪಲ್ಲ, ದುಂಡಗಿನ, ಕೆಳದನಿಯ ಸದ್ದು. ಅಪ್ಪ ಕುರ್ಚಿಯನ್ನು ಒಂದಡಿ ಹತ್ತಿರ ಎಳೆದುಕೊಂಡರು. ಕಾರಂಜಿ ಆ ಸಂಜೆಯಿಂದ ಬಂದ್.

ಆ ಬೆಣಚುಕಲ್ಲು ಉಳಿದಿತ್ತು, ಬಾಗಿಲಿನಿಂದ ಕುರ್ಚಿಯವರೆಗಿನ ದಾರಿಯ ಎರಡು ಬದಿಗೆ ಪಟ್ಟಿಯಂತೆ ಹರಡಿದೆ. ನಡುವೆ ಗಟ್ಟಿ ಚಪ್ಪಡಿ ಇರಲಿ, ಅಪ್ಪನ ಕಾಲಿಗೆ ಅದೇ ಕ್ಷೇಮ. ನಾವು ಬರುವಾಗ ಬೇಕೆಂದೇ ಕಲ್ಲಿನ ಮೇಲೆ ಹೆಜ್ಜೆ ಹಾಕುತ್ತೇವೆ, ಚರಕ್ ಚರಕ್. ಮೊದಲೆಲ್ಲ ಹಿಂದಿನಿಂದ ಹೆಗಲು ಮುಟ್ಟಿದರೆ ಬೆಚ್ಚಿ ಬೀಳುತ್ತಿದ್ದರು. ಈಗ ತಿರುಗದೆಯೇ "ಏನು?" ಎನ್ನುತ್ತಾರೆ.

ಪಂಚೇಂದ್ರಿಯಗಳ ಪಟ್ಟಿ ಹಿಡಿದು ಒಂದೊಂದಕ್ಕೆ ಒಂದೊಂದು ವಸ್ತು ತಂದಿಡುವ ಅಲಂಕಾರ ನನಗೆ ಈಗಲೂ ಒಗ್ಗದು. ಆದರೆ ಒಂದು ಕಡೆ ಗಮನ ಹೋದರೆ ಇನ್ನೊಂದು ತಾನಾಗಿ ಕೈ ಜಗ್ಗುತ್ತದೆ. ಅಪ್ಪ ಕೂರುವುದು ಹೊತ್ತು ಮುಳುಗುವಾಗ. ನಾನು ಫೋಟೊಗೆಂದು ನೆಟ್ಟ ಕೆಂಪು ಹೂಗಳು ಆ ಹೊತ್ತಿಗೆ ಕಪ್ಪಾಗಿ ಕಾಣುತ್ತವೆ. ಮಬ್ಬುಗತ್ತಲಲ್ಲಿ ಕಣ್ಣು ಕೆಂಪನ್ನು ಮೊದಲು ಬಿಟ್ಟುಕೊಡುತ್ತದೆ ಎಂಬುದನ್ನು 1819ರಲ್ಲೇ ಪುರ್ಕಿನ್ಯೆ ಎಂಬ ಶರೀರವಿಜ್ಞಾನಿ ಗಮನಿಸಿದ್ದ, ನಾನು ಗಮನಿಸಿರಲಿಲ್ಲ. ಕುರ್ಚಿಯ ಎದುರಿಗೆ ದುಂಡುಮಲ್ಲಿಗೆ ಬಂತು. ರಾತ್ರಿರಾಣಿಯನ್ನು ದೂರದ ಬೇಲಿಗೆ ಕಳಿಸಿದೆ. ಪತಂಗವನ್ನು ಕರೆಯಲು ಅದು ಸುರಿಸುವ ಪರಿಮಳ ಪಕ್ಕದಲ್ಲಿ ಕೂತ ಮನುಷ್ಯರಿಗೆ ತಲೆನೋವು. ಒಂದೇ ವಾಸನೆಯ ನಡುವೆ ಕೂತರೆ ಮೂಗು ಹೇಗೂ ಸ್ವಲ್ಪ ಹೊತ್ತಿನಲ್ಲಿ ಅದನ್ನು ಮರೆಯುತ್ತದೆ. ಅದಕ್ಕೇ ಕುರ್ಚಿಯ ಕೈಯೆತ್ತರಕ್ಕೆ ಮರುಗ, ದವನ, ನಿಂಬೆಹುಲ್ಲು ಇಟ್ಟೆ. ಎಲೆ ಹೊಸಕಿದರೆ ಮಾತ್ರ ಘಮ, ಬಿಟ್ಟರೆ ತೆಪ್ಪಗಿರುತ್ತವೆ. ಅಪ್ಪನ ಬೆರಳು ಈಗ ಓದುವಾಗಲೂ ಸುಮ್ಮನಿರುವುದಿಲ್ಲ. ಪತ್ರಿಕೆಯ ಅಂಚೆಲ್ಲ ಮರುಗದ ವಾಸನೆ.

ಮೊನ್ನೆ ಸಂಜೆ ಅವರು ಮಲ್ಲಿಗೆಗೆ ಪೈಪು ಹಿಡಿದು ನಿಂತಿದ್ದರು. ಒಣಗಿದ ಮಣ್ಣಿನಿಂದ ಮೊದಲ ಮಳೆಯ ವಾಸನೆ ಎದ್ದಿತ್ತು. ಬುಡ ತುಂಬಿ ನೀರು ದಾರಿಗೆ ಹರಿಯತೊಡಗಿತು. ನಾನು ಒಳಗಿನಿಂದಲೇ, ಕೂಗದೆ, "ಸಾಕು ಅಪ್ಪಾ" ಎಂದೆ.

ನೀರು ನಿಲ್ಲಲಿಲ್ಲ. ಯಂತ್ರ ಮತ್ತೆ ಡಬ್ಬಿ ಸೇರಿತೇನೋ ಎಂದು ಹೊರಗೆ ಬಂದೆ. ಬೆಣಚುಕಲ್ಲು ಚರಕ್ ಎಂದಿತು.

"ಸಾಕು ಎಂದದ್ದು ಕೇಳಿಸಿತು" ಎಂದರು ಅಪ್ಪ, ತಿರುಗದೆ. "ನಿನಗೆ ಸಾಕಾಗಿರಬಹುದು. ಗಿಡಕ್ಕೆ ಸಾಕಾಗಿಲ್ಲ."