ಫಿಲಡೆಲ್ಫಿಯಾಕ್ಕೆ ಹೋದರೆ ಕಾಂಗ್ರೆಸ್ ಹಾಲ್ ಬಿಡಬೇಡಿ

ಮಕ್ಕಳನ್ನು ನೋಡಲು ನ್ಯೂಜೆರ್ಸಿ ಕಡೆ ಬರುವ ನಮ್ಮವರು ಫಿಲಡೆಲ್ಫಿಯಾಕ್ಕೆ ಒಂದು ದಿನ ಹೋಗೇ ಹೋಗುತ್ತಾರೆ. ಲಿಬರ್ಟಿ ಬೆಲ್ ಮುಂದೆ ಫೋಟೊ ತೆಗೆಸಿಕೊಂಡು ವಾಪಸ್ ಬಂದುಬಿಡುತ್ತಾರೆ. ಅದರ ಪಕ್ಕದಲ್ಲೇ, ಒಂದು ಕಾಲದ ಸಂಸತ್ ಭವನವಾದ ಕಾಂಗ್ರೆಸ್ ಹಾಲ್‌ನಲ್ಲಿ, ಅಮೆರಿಕದ ಮೊದಲ ಪಕ್ಷಗಳು ಜಗಳವಾಡುತ್ತಾ ಬೆಳೆದ ಕೋಣೆ ಹಾಗೇ ಇದೆ. ಅದಕ್ಕೆ ಸಮಯ ಇಟ್ಟುಕೊಳ್ಳಿ.

ನಾನು ಅಪ್ಪನ ಜೊತೆ ನ್ಯೂಯಾರ್ಕ್‌ನ ಪೆನ್ ಸ್ಟೇಷನ್ನಿನಿಂದ ಆಮ್‌ಟ್ರ್ಯಾಕ್ ರೈಲಿನಲ್ಲಿ ಹೋದೆ. ಸುಮಾರು ಒಂದೂವರೆ ಗಂಟೆ. 30ನೇ ಬೀದಿ ಸ್ಟೇಷನ್ನಿನಲ್ಲಿ ಇಳಿದು ಮೆಟ್ರೊ ಹತ್ತಿದರೆ 5ನೇ ಬೀದಿಯಲ್ಲಿ ಇಳಿಯಬಹುದು. ಮುಂದೆಲ್ಲ ನಡಿಗೆಯೇ. ಕೆಲವು ಕಡೆ ಹಳೇ ಕಲ್ಲುಹಾಸು ಇದೆ, ಒಳ್ಳೆ ಶೂ ಹಾಕಿಕೊಳ್ಳಿ. ಇಂಡಿಪೆಂಡೆನ್ಸ್ ಹಾಲ್ ಟಿಕೆಟ್ ಆನ್‌ಲೈನ್‌ನಲ್ಲಿ ಮೊದಲೇ ತೆಗೆದುಕೊಳ್ಳಿ. ಕಾಯ್ದಿರಿಸಲು ಒಬ್ಬರಿಗೆ 1 ಡಾಲರ್ ಅಷ್ಟೇ. ನಾವು ತಡವಾಗಿ ನೋಡಿದ್ದರಿಂದ ಮಧ್ಯಾಹ್ನದ್ದು ಮಾತ್ರ ಸಿಕ್ಕಿತು. ಕಾಂಗ್ರೆಸ್ ಹಾಲ್‌ಗೆ ಟಿಕೆಟ್ ಬೇಡ. ಸೆಕ್ಯುರಿಟಿ ತಪಾಸಣೆ ಮುಗಿಸಿ ಸಾಲಿನಲ್ಲಿ ನಿಂತರೆ ಆಯಿತು. ಬೆಳಿಗ್ಗೆ ಬೇಗ ಹೋದರೆ ಒಳ್ಳೆಯದು.

1790ರಿಂದ 1800ರವರೆಗೆ ಫಿಲಡೆಲ್ಫಿಯಾ ದೇಶದ ರಾಜಧಾನಿಯಾಗಿತ್ತು. ಕೆಳಗಿನ ದೊಡ್ಡ ಕೋಣೆಯಲ್ಲಿ ಜನಪ್ರತಿನಿಧಿಗಳ ಸಭೆ, ಮೇಲಿನ ಮಹಡಿಯಲ್ಲಿ ಸೆನೆಟ್. "ಇಷ್ಟು ಚಿಕ್ಕದಾ?" ಅಂದರು ಅಪ್ಪ. ನನಗೂ ಹಾಗೇ ಅನಿಸಿತು. ಇಷ್ಟು ಹತ್ತಿರ ಕೂತರೆ ಎದುರಿನವರ ಮುಖದ ಸಿಟ್ಟು ಕಾಣದೇ ಇರುತ್ತಾ?

1798ರ ಫೆಬ್ರುವರಿಯಲ್ಲಿ ಇಲ್ಲಿ ಹೊಡೆದಾಟವೇ ಆಯಿತು. ಅದಕ್ಕೆ ಕೆಲವು ದಿನ ಮುಂಚೆ ಜೆಫರ್ಸನ್ ಪಕ್ಷದ ಜನಪ್ರತಿನಿಧಿ, ವರ್ಮಾಂಟ್ ರಾಜ್ಯದ ಮ್ಯಾಥ್ಯೂ ಲಯನ್, ಎದುರಾಳಿ ಫೆಡರಲಿಸ್ಟ್ ಪಕ್ಷದ (ಆಡಮ್ಸ್, ಹ್ಯಾಮಿಲ್ಟನ್ ಅವರ ಪಕ್ಷ) ರೋಜರ್ ಗ್ರಿಸ್ವೋಲ್ಡ್ ಮುಖಕ್ಕೆ ಉಗುಳಿದ್ದರು. ಗ್ರಿಸ್ವೋಲ್ಡ್ ಸಭೆಯೊಳಗೇ ದೊಣ್ಣೆಯಿಂದ ಹೊಡೆದರು. ಲಯನ್ ಬೆಂಕಿಗೂಡಿನ ಇಕ್ಕಳ ಎತ್ತಿಕೊಂಡರು. ಅದೇ ವರ್ಷ ಸರ್ಕಾರವನ್ನು ಟೀಕಿಸುವವರ ಮೇಲೆ ಸೆಡಿಷನ್ ಕಾಯ್ದೆ ಬಂತು. ಅದರಡಿ ಲಯನ್ ಜೈಲಿಗೆ ಹೋದರು, ಜೈಲಿನಲ್ಲಿದ್ದುಕೊಂಡೇ ಚುನಾವಣೆ ಗೆದ್ದರು. ಆ ಕೋಣೆಯಲ್ಲಿ ನಿಂತು ಇದನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು 1797ರ ಮಾರ್ಚ್ 4. ಅಂದು ಇದೇ ಕೆಳಗಿನ ಕೋಣೆಯಲ್ಲಿ ಜಾನ್ ಆಡಮ್ಸ್ ಅಧ್ಯಕ್ಷರಾಗಿ ಪ್ರಮಾಣವಚನ ತೆಗೆದುಕೊಂಡರು. ವಾಷಿಂಗ್ಟನ್ ಅಧಿಕಾರ ಬಿಟ್ಟು ಸುಮ್ನೆ ಮನೆಗೆ ಹೊರಟರು. ರಾಜ್ಯಗಳು ಆರಿಸಿದ ಎಲೆಕ್ಟರ್‌ಗಳ 68ರ ಎದುರು 71 ಮತಗಳಿಂದ ಆಡಮ್ಸ್‌ಗೆ ಸೋತಿದ್ದ, ಎದುರು ಪಕ್ಷದ ಜೆಫರ್ಸನ್ ಉಪಾಧ್ಯಕ್ಷರಾಗಿ ಅಲ್ಲೇ ಇದ್ದರು. ಆಗ ಎರಡನೇ ಸ್ಥಾನ ಬಂದವರಿಗೇ ಆ ಹುದ್ದೆ. ಸಂವಿಧಾನ ಬರೆದವರು ಪಕ್ಷಗಳನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ, ಅದರ ಫಲ ಇದು. 1804ರಲ್ಲಿ ತಿದ್ದುಪಡಿ ಮಾಡಬೇಕಾಯಿತು.

ಮೇಲಿನ ಮಹಡಿಗೆ ಮೆಟ್ಟಿಲು ಹತ್ತಬೇಕು. ಅಪ್ಪನಿಗೆ ಮೊಣಕಾಲು ನೋವು, ಜಾಗ ತೋರಿಸುವ ಪಾರ್ಕ್ ರೇಂಜರ್ ತಾಳ್ಮೆಯಿಂದ ಕಾದರು. ಪ್ರಶ್ನೆ ಕೇಳಿ, ಅವರು ಖುಷಿಯಿಂದ ಹೇಳುತ್ತಾರೆ. ಒಂದು ವಿಷಯ ಗೊತ್ತಿರಲಿ: ಜೆಫರ್ಸನ್ ಕಡೆಯವರನ್ನೂ ಆಗ ರಿಪಬ್ಲಿಕನ್ನರು ಅನ್ನುತ್ತಿದ್ದರು. ಇಂದಿನ ರಿಪಬ್ಲಿಕನ್ ಪಕ್ಷ ಬೇರೆ, ಅದು ಹುಟ್ಟಿದ್ದು 1854ರಲ್ಲಿ.

ಹೊರಗೆ ಬಂದು 3ನೇ ಬೀದಿಯ ಫಸ್ಟ್ ಬ್ಯಾಂಕ್ ಕಟ್ಟಡದವರೆಗೆ ನಡೆಯಿರಿ. ಹೊರಗಿನಿಂದ ನೋಡಿದರೂ ಸಾಕು. ರಾಷ್ಟ್ರೀಯ ಬ್ಯಾಂಕ್ ಬೇಕೆಂದು ಆಗಿನ ಹಣಕಾಸು ಮಂತ್ರಿ ಹ್ಯಾಮಿಲ್ಟನ್, ಸಂವಿಧಾನದಲ್ಲಿ ಅದಕ್ಕೆ ಜಾಗವಿಲ್ಲ ಎಂದು ವಿದೇಶಾಂಗ ಮಂತ್ರಿ ಜೆಫರ್ಸನ್. ವಾಷಿಂಗ್ಟನ್‌ರ ಒಂದೇ ಸಂಪುಟದ ಇಬ್ಬರು ಮಂತ್ರಿಗಳು ಎಣ್ಣೆ ಸೀಗೆಕಾಯಿ ಆದದ್ದರಲ್ಲಿ 1791ರ ಈ ಬ್ಯಾಂಕಿನ ಪಾಲು ದೊಡ್ಡದು. ಎಲ್ಲರೂ ಕೂಗಳತೆ ದೂರದಲ್ಲಿ ಕೆಲಸ ಮಾಡುತ್ತಿದ್ದರು ಅನ್ನುವುದು ನಡೆದಾಗಲೇ ಗೊತ್ತಾಗುತ್ತದೆ.

ಮಾರ್ಕೆಟ್ ಬೀದಿಯಲ್ಲಿ, 6ನೇ ಬೀದಿಯ ಮೂಲೆಗೆ ಪ್ರೆಸಿಡೆಂಟ್ಸ್ ಹೌಸ್ ಇದ್ದ ಜಾಗವಿದೆ. ವಾಷಿಂಗ್ಟನ್, ಆಡಮ್ಸ್ ಇಬ್ಬರೂ ಇಲ್ಲಿದ್ದರು. ಈಗ ಉಳಿದಿರುವುದು ತಳಪಾಯ. ವಾಷಿಂಗ್ಟನ್ ಈ ಮನೆಯಲ್ಲಿ ಒಂಬತ್ತು ಗುಲಾಮರನ್ನು ಇಟ್ಟುಕೊಂಡಿದ್ದರು. ಅವರಲ್ಲಿ ಓನಿ ಜಡ್ಜ್ ಎಂಬ ಯುವತಿ 1796ರಲ್ಲಿ, ಮನೆಯವರು ಊಟಕ್ಕೆ ಕೂತಾಗ, ಇಲ್ಲಿಂದ ತಪ್ಪಿಸಿಕೊಂಡಳು. ಐದು ನಿಮಿಷ ಅಲ್ಲಿ ನಿಲ್ಲಿ.

ಇನ್ನೆರಡು ದಿನ ಇದ್ದರೆ ವರ್ಜೀನಿಯಾದಲ್ಲಿರುವ ಜೆಫರ್ಸನ್ ಮನೆ ಮಾಂಟಿಚೆಲ್ಲೊಗೆ ಹೋಗಿ. ವಾಷಿಂಗ್ಟನ್ ನಗರದಿಂದ ಕಾರಿನಲ್ಲಿ ಎರಡೂವರೆ ಗಂಟೆ ಆಗಬಹುದು. ಜೆಫರ್ಸನ್ ತಮ್ಮ ಮನೆಯ ಮುಂಬಾಗಿಲ ಹಜಾರದಲ್ಲಿ ತಮ್ಮ ಪ್ರತಿಮೆಯ ಎದುರಿಗೇ ಹ್ಯಾಮಿಲ್ಟನ್ ಪ್ರತಿಮೆ ಇಡಿಸಿದ್ದರು. ಒಳಗೆ ಕಾಲಿಟ್ಟ ಕೂಡಲೇ ಎರಡೂ ಕಡೆ ನೋಡಿ. ಗೈಡ್ ಬೇಗ ಮುಂದಿನ ಕೋಣೆಗೆ ಹೊರಟುಬಿಡುತ್ತಾರೆ.