ಕಡಿಮೆ ದುಡ್ಡಲ್ಲಿ ಗ್ರಾವೆಲ್ ಸೈಕಲ್ ಕಟ್ಟಬಹುದಾ?

ಸೈಕಲ್ ಹುಚ್ಚಿರುವವರು ಸಿಕ್ಕಾಗಲೆಲ್ಲ ಈ ಪ್ರಶ್ನೆ ಬಂದೇ ಬರುತ್ತದೆ. 'ಹೊಸ ಗ್ರಾವೆಲ್ ಬೈಕ್ ಕೊಳ್ಳುವಷ್ಟು ದುಡ್ಡಿಲ್ಲ. ನಾವೇ ಕಟ್ಟಿಕೊಂಡರೆ ಅಗ್ಗ ಆಗುತ್ತಲ್ವಾ?'

ಆಗುತ್ತದೆ. ಆದರೆ ಎರಡು ಷರತ್ತು. ಬಿಡಿಭಾಗ ಒಂದೊಂದಾಗಿ ಕೊಂಡು ಕಟ್ಟಬೇಡಿ. ಮತ್ತೆ, ಆ ಬಾಗಿದ ಹ್ಯಾಂಡಲ್ ಆಸೆಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಎರಡನೆಯದನ್ನು ಹೇಳಿದ ಕೂಡಲೇ ಕೇಳಿದವರ ಮುಖ ಸಪ್ಪಗಾಗುತ್ತದೆ. ಅವರಿಗೆ ಬೇಕಿದ್ದದ್ದೇ ಆ ಹ್ಯಾಂಡಲ್!

ಗೊತ್ತಿಲ್ಲದವರಿಗೆ ಒಂದು ಮಾತು. ಗ್ರಾವೆಲ್ ಸೈಕಲ್ ಅಂದರೆ ಜಲ್ಲಿ, ಮಣ್ಣಿನ ದಾರಿಗೆಂದು ಮಾಡಿದ್ದು. ನೋಡಲು ರೇಸಿನವರ ರೋಡ್ ಸೈಕಲ್‌ನಂತೆಯೇ, ಕೆಳಕ್ಕೆ ಬಾಗಿದ ಹ್ಯಾಂಡಲ್ ಸಮೇತ ಇರುತ್ತದೆ. ಆದರೆ ಟೈರ್ 40 ಮಿ.ಮೀ. ಆಸುಪಾಸು ದಪ್ಪ, ಗೇರ್ ಏರು ಹತ್ತಲು ಹಗುರ, ಬ್ರೇಕ್ ಸಾಮಾನ್ಯವಾಗಿ ಡಿಸ್ಕ್. ಅಮೆರಿಕದ ಕಾನ್ಸಾಸ್‌ನಲ್ಲಿ ಎಂಪೋರಿಯಾ ಎಂಬ ಊರಿದೆ. ಅಲ್ಲಿ 2006ರಲ್ಲಿ ಶುರುವಾದ 200 ಮೈಲಿಯ ಜಲ್ಲಿ ರಸ್ತೆ ರೇಸು ಈ ಜಾತಿಯ ಸೈಕಲ್‌ಗೆ ದೊಡ್ಡ ಹೆಸರು ತಂದಿತು. 2019ರಲ್ಲಿ ಸೈಕಲ್ ಬಿಡಿಭಾಗ ಮಾಡುವ ಜಪಾನಿನ ಶಿಮಾನೊ ಕಂಪನಿ ಇದಕ್ಕೆಂದೇ ಜಿಆರ್‌ಎಕ್ಸ್ ಗೇರ್ ಸೆಟ್ ತಂದಿತು. 2022ರಲ್ಲಿ ವಿಶ್ವ ಚಾಂಪಿಯನ್‌ಷಿಪ್ ಕೂಡ ಶುರುವಾಯಿತು. ನಮಗೆ ಬೇಕಿರುವುದು ರೇಸಲ್ಲ ಬಿಡಿ. ಕೆರೆ ಏರಿ, ತೋಟದ ದಾರಿ, ಪೈಪ್ ಹಾಕಲು ಅಗೆದು ಹಾಗೇ ಬಿಟ್ಟ ಡಾಂಬರು ರಸ್ತೆ, ಇಷ್ಟನ್ನು ದಾಟಿಸಿದರೆ ಸಾಕು.

ಬಿಡಿಭಾಗ ಯಾಕೆ ಬೇಡ? ಫ್ರೇಮ್ ಅಗ್ಗಕ್ಕೆ ಸಿಕ್ಕಿತು ಅಂತ ತರುತ್ತೀರಿ. ಆಮೇಲೆ ಚಕ್ರ, ಕ್ರ್ಯಾಂಕ್, ಹೆಡ್‌ಸೆಟ್, ಸೀಟ್ ಪೋಸ್ಟ್, ಕೇಬಲ್, ಕೊನೆಗೆ ಸೀಟ್ ಪೋಸ್ಟ್‌ನ ಪುಟಾಣಿ ಕ್ಲ್ಯಾಂಪ್ ಕೂಡ ಬಿಡಿ ದರದಲ್ಲಿ ತರಬೇಕು. ಕಂಪನಿಯವರು ಇದನ್ನೆಲ್ಲ ಸಾವಿರಗಟ್ಟಲೆ ಒಟ್ಟಿಗೆ ಕೊಳ್ಳುತ್ತಾರೆ, ಅವರಿಗೆ ಬೀಳುವ ಬೆಲೆ ನಮಗೆ ಬೀಳುವುದಿಲ್ಲ. ಹಾಗಾಗಿ ಇಡೀ ಸೈಕಲ್ ಒಂದನ್ನು ಹಳೆಯದೇ ಕೊಳ್ಳಿ. ಹೈಬ್ರಿಡ್, ಅಂದರೆ ರೋಡ್ ಸೈಕಲ್‌ಗೂ ಗುಡ್ಡ ಹತ್ತುವ ಎಂಟಿಬಿಗೂ (ಮೌಂಟನ್ ಬೈಕ್) ನಡುವಿನ ನೇರ ಹ್ಯಾಂಡಲ್‌ನ ಸೈಕಲ್ ಆದರೆ ಒಳ್ಳೆಯದು. ಚಕ್ರ ರೋಡ್ ಸೈಕಲ್‌ನ ಅಳತೆಯಾದ 700ಸಿ ಇರಲಿ, ಮುಂದಿನ ಚಕ್ರ ಹಿಡಿಯುವ ಫೋರ್ಕ್ ಸ್ಪ್ರಿಂಗ್ ಇಲ್ಲದ ಗಟ್ಟಿಯದಾಗಿರಲಿ. ಅಗ್ಗದ ಸಸ್ಪೆನ್ಷನ್ ಫೋರ್ಕ್ ಭಾರ ಜಾಸ್ತಿ, ಕೆಲಸ ಕಡಿಮೆ. ಅದನ್ನು ತೆಗೆದು ಗಟ್ಟಿ ಫೋರ್ಕ್ ಹಾಕುತ್ತೇನೆ ಅಂತ ಹೊರಟರೆ, ಉದ್ದ ಹೊಂದುವ ಫೋರ್ಕೇ ಬೇಕು. ಗಿಡ್ಡ ಫೋರ್ಕ್ ಹಾಕಿದರೆ ಮೂತಿ ಕೆಳಗಿಳಿದು ಹ್ಯಾಂಡಲ್ ಚಂಚಲವಾಗುತ್ತದೆ.

ಈಗ ಆ ಹ್ಯಾಂಡಲ್ ವಿಷಯ. ಡ್ರಾಪ್ ಬಾರ್ ಅಂದರೆ ಬಾಗಿದ ಅಲ್ಯೂಮಿನಿಯಂ ಕೊಳವೆ, ಅದಕ್ಕೆ ಅಂಥ ಬೆಲೆಯೇನಿಲ್ಲ. ದುಡ್ಡು ನುಂಗುವುದು ಅದಕ್ಕೆ ಕೂರುವ ಬ್ರೇಕ್ ಮತ್ತು ಗೇರ್ ಒಟ್ಟಿಗಿರುವ ಲಿವರ್. ಒಳ್ಳೆಯ ಒಂದು ಜೊತೆಗೆ ಕೊಡುವ ದುಡ್ಡಿಗೆ ಹಳೇ ಹೈಬ್ರಿಡ್ ಒಂದು ಇಡಿಯಾಗಿ ಬರುತ್ತದೆ. ಮೂಗಿಗಿಂತ ಮೂಗುತಿ ಭಾರ.

ಅಷ್ಟಕ್ಕೇ ಮುಗಿದರೆ ಪರವಾಗಿರಲಿಲ್ಲ. ಹೈಬ್ರಿಡ್‌ನಲ್ಲಿ ರಿಮ್ ಅನ್ನು ಎರಡೂ ಪಕ್ಕದಿಂದ ಒತ್ತುವ ವಿ-ಬ್ರೇಕ್‌ಗೆ ಕೇಬಲ್ ಎಷ್ಟು ಎಳೆಯಬೇಕೋ, ರೋಡ್ ಲಿವರ್ ಅದರ ಹೆಚ್ಚುಕಡಿಮೆ ಅರ್ಧದಷ್ಟೇ ಎಳೆಯುತ್ತದೆ. ಲಿವರ್ ಹ್ಯಾಂಡಲ್‌ಗೆ ತಾಗಿದರೂ ಬ್ರೇಕ್ ಸರಿಯಾಗಿ ಹಿಡಿಯುವುದಿಲ್ಲ. ಹೈಬ್ರಿಡ್‌ನ ಕೇಬಲ್ ಡಿಸ್ಕ್ ಬ್ರೇಕ್‌ಗೂ ಇದೇ ಕಥೆ, ರೋಡ್ ಲಿವರ್‌ನ ಎಳೆತಕ್ಕೆ ಹೊಂದುವ ಕ್ಯಾಲಿಪರ್ (ಡಿಸ್ಕ್ ಅನ್ನು ಹಿಡಿಯುವ ಭಾಗ) ಬೇರೆ ತರಬೇಕು. ಹೈಡ್ರಾಲಿಕ್ ಇದ್ದರಂತೂ ಇಡೀ ಬ್ರೇಕ್ ಬದಲಾಯಿಸಬೇಕು. ಚೈನನ್ನು ಒಂದು ಗೇರ್‌ನಿಂದ ಇನ್ನೊಂದಕ್ಕೆ ದಾಟಿಸುವ ಡಿರೈಲರ್‌ಗಳಲ್ಲಿ ಮುಂದಿನದು ಕೂಡ ಹೊಂದುವುದಿಲ್ಲ. ಜೊತೆಗೆ ಡ್ರಾಪ್ ಬಾರ್ ಕೈಯನ್ನು ಇನ್ನೂ ಮುಂದಕ್ಕೆ ಎಳೆಯುತ್ತದೆ. ಹೈಬ್ರಿಡ್ ಫ್ರೇಮ್ ಮೊದಲೇ ಉದ್ದ. ಹ್ಯಾಂಡಲ್ ಹಿಡಿಯುವ ಸ್ಟೆಮ್ ಗಿಡ್ಡದ್ದು ಹಾಕಿದರೂ ಬೆನ್ನು ಮಾತಾಡಲು ಶುರು ಮಾಡುತ್ತದೆ. ಕೈ ಇಡಲು ಇನ್ನೊಂದು ಜಾಗ ಬೇಕು ಅಂತಷ್ಟೇ ಆದರೆ, ನೇರ ಹ್ಯಾಂಡಲ್‌ನ ತುದಿಗೆ ಬಾರ್ ಎಂಡ್ ಎಂಬ ಗಿಡ್ಡ ಕೊಂಬು ಹಾಕಿ. ನೋಡಲು ಹಳೇ ಕಾಲದ್ದು ಅನ್ನಿಸಬಹುದು. ಏರಿನಲ್ಲಿ ಎದ್ದು ನಿಂತು ತುಳಿಯುವಾಗ ಅದರ ಬೆಲೆ ಗೊತ್ತಾಗುತ್ತದೆ.

ಉಳಿದ ದುಡ್ಡೆಲ್ಲ ಟೈರ್‌ಗೆ. ಇದರಲ್ಲಿ ಮಾತ್ರ ನಾನು ಜಗ್ಗುವುದಿಲ್ಲ. ಕೈಯಲ್ಲಿ 20 ಸಾವಿರ ಇದ್ದರೆ ಸೈಕಲ್‌ಗೆ 12 ಸಾವಿರ, ಟೈರ್ ಜೋಡಿಗೆ 5 ಸಾವಿರ, ಮಿಕ್ಕಿದ್ದು ಚೈನ್, ಕೇಬಲ್, ಬ್ರೇಕ್ ಪ್ಯಾಡ್‌ಗೆ. ನನ್ನ ಹಂಚಿಕೆ ಹೀಗೆ.

ಟೈರ್ ತರುವ ಮೊದಲು ಫ್ರೇಮ್‌ನಲ್ಲಿ ಜಾಗ ನೋಡಿ. ಟೈರ್‌ನ ಎರಡೂ ಪಕ್ಕ 6 ಮಿ.ಮೀ. ಆಲನ್ ಕೀ ಸಲೀಸಾಗಿ ತೂರಬೇಕು. ಕೋಲಾರದ ಕೆಂಪು ಮಣ್ಣಲ್ಲಿ ಇದಕ್ಕಿಂತ ಕಡಿಮೆ ಇದ್ದರೂ ನಡೆದೀತು. ಗದಗ, ವಿಜಯಪುರದ ಕಡೆ ಮಳೆಗಾಲದಲ್ಲಿ ಎರೆಮಣ್ಣಿಗೆ ಇಳಿದರೆ, ಅಷ್ಟು ಜಾಗವೂ ಮೆತ್ತಿಕೊಂಡು ಚಕ್ರ ನಿಂತೇ ಹೋಗುತ್ತದೆ. ಆಗ ಸೈಕಲ್ ನಿಮ್ಮ ಹೆಗಲ ಮೇಲೆ.

ಇನ್ನು ಗಾಳಿ. ಅಂಗಡಿಯವರು ಕಲ್ಲಿನ ಹಾಗೆ ಆಗುವ ತನಕ ತುಂಬುತ್ತಾರೆ. 70 ಕೆ.ಜಿ. ತೂಗುವವರಿಗೆ 40 ಮಿ.ಮೀ. ಟೈರ್‌ನಲ್ಲಿ 35ರಿಂದ 40 ಪಿಎಸ್‌ಐ ಧಾರಾಳ ಸಾಕು, ಹಿಂದಕ್ಕೆ ಸ್ವಲ್ಪ ಜಾಸ್ತಿ. ಸಾವಿರಾರು ರೂಪಾಯಿಯ ಸಸ್ಪೆನ್ಷನ್ ಫೋರ್ಕ್ ಮಾಡುವ ಕೆಲಸದಲ್ಲಿ ಅರ್ಧವನ್ನು ಈ ಪುಕ್ಕಟೆ ಗಾಳಿ ಮಾಡುತ್ತದೆ. ಮೀಟರ್ ಇರುವ ಪಂಪ್ ಒಂದು ಮನೆಯಲ್ಲಿರಲಿ.

ನಮ್ಮ ದಾರಿಗಳಲ್ಲಿ ಜಲ್ಲಿಗಿಂತ ದೊಡ್ಡ ಶತ್ರು ಮುಳ್ಳು. ಹೊಲದ ಬದುವಿನ ನೆಗ್ಗಿಲು ಮುಳ್ಳು, ಕೆರೆ ಅಂಗಳದ ಜಾಲಿ ಮುಳ್ಳು. ಟ್ಯೂಬ್‌ಲೆಸ್‌ಗೆ ಅದಕ್ಕೆ ಹೊಂದುವ ರಿಮ್ ಬೇಕು, ಹಳೇ ಹೈಬ್ರಿಡ್‌ನಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ. ಟ್ಯೂಬ್ ಒಳಗೇ ಸೀಲೆಂಟ್ (ತೂತು ಮುಚ್ಚುವ ದ್ರವ) ಹಾಕಿ. ಬೇಸಿಗೆಯಲ್ಲಿ ಅದು ಬೇಗ ಒಣಗುತ್ತದೆ, ಆಗಾಗ ಮತ್ತೆ ಹಾಕಬೇಕು.

ಹಳೇ ಸೈಕಲ್‌ನ ಪೆಡಲ್ ನಡುವಿನ ಬೇರಿಂಗ್ ಕಿರ್ ಕಿರ್ ಅನ್ನುತ್ತಿದ್ದರೆ ಹೆದರಬೇಡಿ. ಬಹುತೇಕ ಹೈಬ್ರಿಡ್‌ಗಳಲ್ಲಿ ಅದು ಕೂರುವ ಜಾಗದಲ್ಲಿ ಬಿಎಸ್‌ಎ ಅಳತೆಯ ತಿರುಪು (ಥ್ರೆಡ್) ಇರುತ್ತದೆ. ಹೌದು, ನಮ್ಮ ಮನೆಗಳಲ್ಲಿದ್ದ ಬಿಎಸ್‌ಎ ಸೈಕಲ್‌ನ ಅದೇ ಹೆಸರು, ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್. ಅದಕ್ಕೆ ಹೊಸ ಬೇರಿಂಗ್ ಅಗ್ಗಕ್ಕೇ ಸಿಗುತ್ತದೆ. ಚೈನ್ ಇರುವ ಕಡೆಯದು ಎಡ ತಿರುಪು, ಬಲಕ್ಕೆ ತಿರುಗಿಸಿ ಬಿಚ್ಚಬೇಕು. ಗೊತ್ತಿಲ್ಲದೆ ಬಲ ಹಾಕಿ ಹಾಳುಮಾಡುವ ಮೆಕ್ಯಾನಿಕ್‌ಗಳೂ ಇದ್ದಾರೆ, ಪಕ್ಕದಲ್ಲೇ ನಿಂತಿರಿ.

ಇಷ್ಟೆಲ್ಲ ಕೇಳಿಯೂ 'ಇಲ್ಲ, ಡ್ರಾಪ್ ಬಾರೇ ಬೇಕು' ಅನ್ನುವವರಿಗೆ: ಹಿಂದೆ 9 ಸ್ಪೀಡ್, ಅಂದರೆ 9 ಗೇರ್ ಇರುವ, ಕೇಬಲ್ ಡಿಸ್ಕ್‌ನ ಸೈಕಲ್ ಹುಡುಕಿ. ಶಿಮಾನೊದ 9 ಸ್ಪೀಡ್ ಸೋರಾ ಎಂಬ ರೋಡ್ ಲಿವರ್ ಅದೇ ಕಂಪನಿಯ 9 ಸ್ಪೀಡ್ ಎಂಟಿಬಿ ಡಿರೈಲರ್ ಜೊತೆ ಹೊಂದುತ್ತದೆ. 10 ಸ್ಪೀಡ್‌ಗೆ ಹೋದರೆ ರೋಡ್ ಮತ್ತು ಎಂಟಿಬಿ ದಾರಿ ಬೇರೆಯಾಗುತ್ತದೆ, ಒಂದರ ಲಿವರ್ ಇನ್ನೊಂದರ ಡಿರೈಲರ್‌ಗೆ ಹೊಂದುವುದಿಲ್ಲ. ಪೆಡಲ್ ಬಳಿ ಒಂದೇ ಚೈನ್‌ರಿಂಗ್ (ಹಲ್ಲಿನ ಚಕ್ರ) ಇಟ್ಟುಕೊಂಡರೆ ಮುಂದಿನ ಡಿರೈಲರ್ ತಲೆನೋವೇ ಇಲ್ಲ. ಇನ್ನೂ ಕಡಿಮೆ ಬೇಕಾ? 7 ಸ್ಪೀಡ್‌ಗೂ ಟೂರ್ನಿ ಎ070 ಅನ್ನುವ ಲಿವರ್ ಬಂದಿದೆ. ಎರಡಕ್ಕೂ ರೋಡ್ ಎಳೆತದ ಕ್ಯಾಲಿಪರ್ ತಪ್ಪಿದ್ದಲ್ಲ.

ಕೊನೆಗೆ ಒಬ್ಬರಾದರೂ ಕೇಳುತ್ತಾರೆ, 'ಅಜ್ಜನ ಅಟ್ಲಾಸ್ ಸೈಕಲ್ ಇದೆ, ಅದನ್ನೇ ಗ್ರಾವೆಲ್ ಮಾಡಬಹುದಾ?' ಅದರ 28 x 1½ ಚಕ್ರದಲ್ಲಿ ಟೈರ್ ಕೂರುವ ಜಾಗದ ಅಳತೆ 635 ಮಿ.ಮೀ., 700ಸಿ ಚಕ್ರದ್ದು 622. ಗ್ರಾವೆಲ್ ಟೈರ್ ಅದಕ್ಕೆ ಕೂರುವುದಿಲ್ಲ. ಚಕ್ರ ಬದಲಾಯಿಸಿದರೆ ಬ್ರೇಕ್ ರಬ್ಬರ್ ರಿಮ್‌ಗೆ ಹೊಂದುವುದಿಲ್ಲ. ಸುಮ್ನೆ ಕೈ ಹಚ್ಚಬೇಡಿ. ಅದರ ಟೈರ್ ಈಗಲೇ ಸುಮಾರು 40 ಮಿ.ಮೀ. ಇದೆ, ಊರಿನ ಅಂಗಡಿಯಲ್ಲೇ ಸಿಗುತ್ತದೆ. ಎಣ್ಣೆ ಬಿಟ್ಟು ಹಾಗೇ ಕೆರೆ ಏರಿ ಮೇಲೆ ಓಡಿಸಿ. ಮಳೆಯಲ್ಲಿ ಮಾತ್ರ ಆ ರಾಡ್ ಬ್ರೇಕ್ ನಂಬಿ ಇಳಿಜಾರಿಗೆ ಹೋಗಬೇಡಿ.